ನಾಲ್ಕು ಊರು, ಒಂದೇ ಪರದೆ

ಇವತ್ತಿನ ಕಥೆ ಶುರುವಾಗೋದು ದಾಂಡೇಲಿಯ ಒಂದು ಸಣ್ಣ ಆಫೀಸಿನಿಂದ. ಬಿ.ಕಾಂ ಮುಗಿಸಿ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದ್ದೆ. ಸಂಸ್ಥೆಯ ಹೆಸರು ಬೇಡ. ಹಳಿಯಾಳ, ಮುಂಡಗೋಡ, ಜೋಯಿಡಾದಲ್ಲಿ ಅದರ ಶಾಖೆಗಳಿದ್ದವು. ಒಂದೊಂದರಲ್ಲೂ ಲಿನಕ್ಸ್ ಹಾಕಿದ ಒಂದು ಹಳೇ ಕಂಪ್ಯೂಟರ್. ಮೌಸ್ ಇಲ್ಲ, ಚಿತ್ರ ಇಲ್ಲ. ಕಮಾಂಡ್ ಟೈಪ್ ಮಾಡಿದ್ರೆ ಅಕ್ಷರದಲ್ಲೇ ಉತ್ತರ. ಸಂಜೆ ನಾನು ದಾಂಡೇಲಿಯಲ್ಲಿ ಕೂತು, ಒಂದೇ ಪರದೆಯಲ್ಲಿ ಮೂರು ಕಪ್ಪು ವಿಂಡೋ ತೆರೆದು, ಮೂರೂ ಕಡೆ ಬ್ಯಾಕಪ್ ಆಯ್ತಾ ಅಂತ ನೋಡಬೇಕಿತ್ತು.

ಒಂದು ಮಳೆಗಾಲದ ಸಂಜೆ ಮೂರೂ ಸರಿಯಾಗೇ ಕಾಣ್ತಿದ್ವು. ಮನೆಗೆ ಹೊರಡೋ ಹೊತ್ತಿಗೆ ಜೋಯಿಡಾದ ವಾಚ್‌ಮನ್ ಕಾಕಾ ಫೋನ್ ಮಾಡಿದ್ರು: "ತಮ್ಮಾ, ಇಲ್ಲಿ ಕರೆಂಟ್ ಹೋಗಿ ಎರಡು ತಾಸಾತು. ನಿನ್ನ ಕಂಪ್ಯೂಟರೂ ಬಂದ್ ಆಗೇತಿ." ನಾನು ನೋಡ್ತಿದ್ದದ್ದು ಎರಡು ತಾಸು ಹಳೆಯ ಸಾಲು!

ಅಷ್ಟಕ್ಕೂ, ಎಲ್ಲೋ ಇರೋ ಯಂತ್ರ ನಮ್ಮ ಪರದೆಯಲ್ಲಿ ಕಾಣಿಸೋದು ಶುರುವಾಗಿದ್ದು ಹೇಗೆ?

1978ರಲ್ಲಿ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿ ವಿಟಿ100 ಅನ್ನೋ ಟರ್ಮಿನಲ್ ತಂತು. ಸಾಲಿಗೆ 80 ಅಕ್ಷರ, ಒಟ್ಟು 24 ಸಾಲು. ನಾಲ್ಕು ಯಂತ್ರ ಒಟ್ಟಿಗೆ ಕಾಣಬೇಕಂದ್ರೆ ಮೇಜಿನ ಮೇಲೆ ನಾಲ್ಕು ಟರ್ಮಿನಲ್ ಬೇಕಿತ್ತು. 1984ರಲ್ಲಿ ಅಮೆರಿಕದ ಎಂಐಟಿಯಲ್ಲಿ ಬಾಬ್ ಶೈಫ್ಲರ್ ಮತ್ತು ಜಿಮ್ ಗೆಟ್ಟಿಸ್ 'ಎಕ್ಸ್ ವಿಂಡೋ ಸಿಸ್ಟಮ್' ಶುರು ಮಾಡಿದ್ರು. ಅದಕ್ಕೂ ಮೊದಲಿದ್ದ ವ್ಯವಸ್ಥೆಯ ಹೆಸರು 'ಡಬ್ಲ್ಯೂ'. ಮುಂದಿನ ಅಕ್ಷರ 'ಎಕ್ಸ್', ಅಷ್ಟೇ. ಪ್ರೋಗ್ರಾಂ ಓಡೋದು ದೂರದ ಯಂತ್ರದಲ್ಲಿ, ವಿಂಡೋ ಕಾಣೋದು ನಿಮ್ಮೆದುರು. ಆ ಹಳೇ ಟರ್ಮಿನಲ್ಲೇ ಈಗ ಒಂದು ವಿಂಡೋ ಆಯ್ತು. ಹತ್ತು ಬೇಕಾದ್ರೆ ಹತ್ತು ತೆರೀಬಹುದು.

ಆದ್ರೆ ಆಗ ಪಾಸ್‌ವರ್ಡ್ ನೆಟ್‌ವರ್ಕ್‌ನಲ್ಲಿ ಬರಿ ಅಕ್ಷರವಾಗೇ ಹೋಗ್ತಿತ್ತು. 1995ರಲ್ಲಿ ಹೆಲ್ಸಿಂಕಿಯ ತಾಂತ್ರಿಕ ವಿಶ್ವವಿದ್ಯಾಲಯದ ನೆಟ್‌ವರ್ಕ್‌ನಲ್ಲೇ ಪಾಸ್‌ವರ್ಡ್ ಕದಿಯೋ ದಾಳಿ ನಡೀತು. ಅಲ್ಲಿದ್ದ ತಾತು ಯ್ಲೋನೆನ್ ಎಲ್ಲವನ್ನೂ ಗೂಢಲಿಪಿಯಲ್ಲಿ ಕಳಿಸೋ ಎಸ್‌ಎಸ್‌ಎಚ್ ಬರೆದ್ರು. ನನ್ನ ಮೂರು ವಿಂಡೋಗಳೂ ಅದರವೇ.

ಇದರದೇ ದೊಡ್ಡ ರೂಪ ವಿದ್ಯುತ್ ಜಾಲದಲ್ಲಿದೆ. ನಮ್ಮ ಕಾಳಿ ನದಿಯನ್ನೇ ನೋಡಿ. ಜೋಯಿಡಾದ ಗಣೇಶಗುಡಿಯಲ್ಲಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು, ಅಂಬಿಕಾನಗರದ ಹತ್ತಿರ ಆರು ಘಟಕಗಳ ನಾಗಝರಿ ವಿದ್ಯುದಾಗಾರ. ಇಂಥ ಕೇಂದ್ರಗಳ ಉತ್ಪಾದನೆಯನ್ನೆಲ್ಲ ಬೆಂಗಳೂರಿನ ಲೋಡ್ ಡಿಸ್ಪ್ಯಾಚ್ ಸೆಂಟರ್ ಪರದೆಗಳ ಮೇಲೆ ಗಮನಿಸುತ್ತೆ.

ಇಂಥ ಪರದೆ ಸುಮ್ಮನಾದ್ರೆ ಏನಾಗುತ್ತೆ? 2003ರ ಆಗಸ್ಟ್ 14, ಅಮೆರಿಕದ ಓಹಾಯೋ. ಫಸ್ಟ್‌ಎನರ್ಜಿ ಕಂಪನಿಯ ಕಂಟ್ರೋಲ್ ರೂಮಿನಲ್ಲಿ ಮಧ್ಯಾಹ್ನ 2:14ರ ಹೊತ್ತಿಗೆ ಅಲಾರಂ ಕೊಡೋ ತಂತ್ರಾಂಶ ನಿಂತುಹೋಯ್ತು. ಆಪರೇಟರ್‌ಗಳಿಗೆ ಗೊತ್ತೇ ಆಗಲಿಲ್ಲ. ಹೊರಗೆ ಹೈಟೆನ್ಷನ್ ಲೈನುಗಳು ಜೋತು, ಮರಕ್ಕೆ ತಾಗಿ, ಒಂದೊಂದೇ ಟ್ರಿಪ್ ಆಗ್ತಿದ್ವು. ಒಳಗೆ ಅಲಾರಂ ಇಲ್ಲ. ಅಂದ್ರೆ ಎಲ್ಲ ಸರಿ ಇದೆ ಅಂತ ಅರ್ಥ! ಅಕ್ಕಪಕ್ಕದ ಜಾಲದವರು ಫೋನ್ ಮಾಡಿ ಕೇಳಿದ್ರೂ ನಂಬೋಕೆ ಹೊತ್ತು ಹಿಡೀತು. ಐಟಿ ಸಿಬ್ಬಂದಿ ಸರ್ವರ್ ರೀಸ್ಟಾರ್ಟ್ ಮಾಡಿದ್ರು, ಆದ್ರೆ "ಅಲಾರಂ ಬರ್ತಿದೆಯಾ?" ಅಂತ ಆಪರೇಟರ್‌ಗಳನ್ನ ಕೇಳಲಿಲ್ಲ. ಸಂಜೆ 4:10 ದಾಟೋ ಹೊತ್ತಿಗೆ ಜಾಲ ಕುಸಿಯಿತು. ಅಮೆರಿಕ, ಕೆನಡಾ ಸೇರಿ ಸುಮಾರು 5 ಕೋಟಿ ಜನ ಕತ್ತಲಲ್ಲಿ.

ನನಗೆ ಹೋಗಿದ್ದು ಒಂದು ದಿನದ ಬ್ಯಾಕಪ್. ಅಲ್ಲಿ ಹೋಗಿದ್ದು ಊರೂರುಗಳ ಕರೆಂಟ್. ಆದ್ರೆ ತಪ್ಪು ಒಂದೇ: ಪರದೆ ಸುಮ್ಮನಿದೆ ಅಂದ ಮಾತ್ರಕ್ಕೆ ಆ ಕಡೆ ಎಲ್ಲ ಸರಿ ಇದೆ ಅಂದುಕೊಂಡದ್ದು.

ಆಮೇಲೆ ನಾನು ಎರಡು ಕೆಲಸ ಮಾಡಿದೆ. ಪ್ರತಿ ವಿಂಡೋದಲ್ಲೂ ಆಯಾ ಯಂತ್ರದ ಗಡಿಯಾರ ಓಡೋ ಹಾಗೆ ಇಟ್ಟೆ. ಗಡಿಯಾರ ನಿಂತರೆ ಸಂಪರ್ಕ ಸತ್ತಿದೆ ಅಂತ. ಎರಡನೇದು, ಹೊರಡೋ ಮುಂಚೆ ಜೋಯಿಡಾಕ್ಕೆ ಒಂದು ಫೋನ್: "ಕಾಕಾ, ಕರೆಂಟ್ ಐತೇನ್ರಿ?"

ನಿಮ್ಮ ಕೆಲಸದಲ್ಲೂ ಇಂಥ ಪರದೆ ಇದ್ರೆ, ಇವತ್ತು ಆ ತುದಿಯಲ್ಲಿರೋರಿಗೆ ಒಂದು ಕಾಲ್ ಮಾಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.