ಕಂಬಳಿಹುಳುವಿನಿಂದ ಹೊರಬಂದ ನೊಣ

ಪತಂಗದ ಹುಳುವೊಂದನ್ನು ಡಬ್ಬಿಯಲ್ಲಿಟ್ಟು ಸೊಪ್ಪು ಹಾಕಿ ಸಾಕಿದರೆ ಕೊನೆಗೆ ಪತಂಗವೇ ಹೊರಬರಬೇಕು. ಆದರೆ ಕೆಲವೊಮ್ಮೆ ಹುಳು ಸತ್ತು, ಅದರ ಮೈಯಿಂದ ನೊಣವೋ ಕಣಜವೋ ಹೊರಡುತ್ತದೆ. ಇದು ಎಲ್ಲಿಂದ ಬಂತು? ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಕ್ಕೆ ನೂರು ವರ್ಷಗಳೇ ಹಿಡಿದವು.

ಇಟಲಿಯ ಆಲ್ಡ್ರೊವಾಂಡಿ 1602ರಲ್ಲಿ ಪ್ರಕಟಿಸಿದ ಕೀಟಗ್ರಂಥದಲ್ಲಿ, ಹುಳುವಿನ ಸುತ್ತ ಕಂಡ ಕಣಜದ ಪುಟ್ಟ ಗೂಡುಗಳನ್ನು ಹುಳುವಿನ ಮೊಟ್ಟೆಗಳೆಂದೇ ಬಗೆದಿದ್ದ. ಹಾಲೆಂಡಿನ ಚಿತ್ರಕಾರ ಗೂಡಾರ್ಟ್ ಹುಳುಗಳನ್ನು ತಾನೇ ಸಾಕಿ, ಕಂಡದ್ದನ್ನು ಚಿತ್ರಿಸಿ 1660ರ ದಶಕದಲ್ಲಿ ಪ್ರಕಟಿಸತೊಡಗಿದ. ಒಂದೇ ಬಗೆಯ ಹುಳುವಿನಿಂದ ಎರಡು ಬಗೆಯ ಸಂತಾನ ಬರಬಹುದೆಂದು ಆತ ನಂಬಿದ. ತಾಯಿಕೀಟವು ಹುಳುವಿನಲ್ಲಿ ಮೊಟ್ಟೆಯಿಟ್ಟು ಹೋಗುತ್ತದೆ, ಮರಿಗಳು ಅದನ್ನು ಒಳಗಿನಿಂದಲೇ ತಿಂದು ಬೆಳೆಯುತ್ತವೆ ಎಂಬ ನಿಜವನ್ನು 18ನೆಯ ಶತಮಾನದ ಆರಂಭದಲ್ಲಿ ವಾಲಿಸ್ನೇರಿ ಮೊದಲಾದವರು ಸ್ಪಷ್ಟಪಡಿಸಿದರು.

ಬಂದದ್ದು ಯಾವ ಗುಂಪಿನದೆಂದು ಹೇಳುವುದು ಕಷ್ಟವಲ್ಲ. ನೊಣಕ್ಕೆ ಒಂದು ಜೊತೆ ರೆಕ್ಕೆ. ಕಣಜಕ್ಕೆ ಎರಡು ಜೊತೆ ರೆಕ್ಕೆ, ಸಣ್ಣ ನಡು. ಕಷ್ಟವಿರುವುದು ಪ್ರಭೇದವನ್ನು ಗುರುತಿಸುವುದರಲ್ಲಿ.

ಮಧ್ಯ ಅಮೆರಿಕದ ಕೋಸ್ಟರಿಕ ದೇಶದ ಗ್ವಾನಾಕಾಸ್ಟೆ ಕಾಡಿನಲ್ಲಿ ಡೇನಿಯಲ್ ಜಾನ್‌ಜೆನ್ ಮತ್ತು ವಿನಿ ಹಾಲ್‌ವಾಕ್ಸ್ ದಂಪತಿ 1978ರಿಂದ ಹುಳುಗಳನ್ನು ಸಾಕಿಸುತ್ತ ಬಂದರು. ಯಾವ ಹುಳು, ಯಾವ ಗಿಡದ ಮೇಲಿತ್ತು, ಅದರಿಂದ ಏನು ಹೊರಬಂತು ಎಂಬುದೆಲ್ಲ ದಾಖಲಾಯಿತು. ಅಲ್ಲಿನ ಬೆಲ್ವೋಸಿಯ ಕುಲದ ನೊಣಗಳನ್ನು ರೂಪದಿಂದ 20 ಪ್ರಭೇದಗಳೆಂದು ಎಣಿಸಿದ್ದರು. ಅವುಗಳಲ್ಲಿ ಮೂರು, ಹಲವು ಬಗೆಯ ಹುಳುಗಳಲ್ಲಿ ಬೆಳೆಯುತ್ತವೆಂದು ತಿಳಿಯಲಾಗಿತ್ತು. 2006ರಲ್ಲಿ ಡಿ.ಎನ್.ಎ. ಪರೀಕ್ಷೆಯ ಫಲಿತಾಂಶ ಹೊರಬಂದಾಗ 20 ಎಂಬುದು 32 ಆಯಿತು! ಆ ಮೂರು ನೊಣಗಳಲ್ಲಿ ಒಂದೊಂದೂ, ನೋಡಲು ಒಂದೇ ತೆರನಾದ, ಆದರೆ ತಮ್ಮ ತಮ್ಮ ಹುಳುಗಳನ್ನಷ್ಟೇ ಆರಿಸಿಕೊಳ್ಳುವ ಹಲವು ಪ್ರಭೇದಗಳ ಕೂಟವಾಗಿತ್ತು. ಮೈಕ್ರೋಗ್ಯಾಸ್ಟ್ರಿನೇ ಗುಂಪಿನ ಕಣಜಗಳಲ್ಲಿಯೂ 2008ರಲ್ಲಿ 171 ಎಂದಿದ್ದ ಎಣಿಕೆ 313ಕ್ಕೆ ಏರಿತು. ಇಷ್ಟನ್ನೂ ಡಿ.ಎನ್.ಎ. ಒಂದೇ ಹೇಳಲಿಲ್ಲ, ಯಾವ ಹುಳುವಿನಿಂದ ಬಂತೆಂಬ ಹಳೆಯ ದಾಖಲೆ ಜೊತೆಗಿದ್ದುದರಿಂದಲೇ ಆ ಫಲಿತಾಂಶಕ್ಕೆ ಅರ್ಥ ಬಂದಿತು.

ಹೆಸರಿನ ಈ ಚರ್ಚೆ ರೈತನಿಗೆ ಏಕೆ ಬೇಕು? ರೇಷ್ಮೆಹುಳುವೂ ಪತಂಗದ ಹುಳುವೇ ತಾನೆ! 1980ರಲ್ಲಿ ಊಜಿ ನೊಣವು ಕರ್ನಾಟಕಕ್ಕೆ ಕಾಲಿಟ್ಟು ಬೆಳೆಗಾರರನ್ನು ಕಂಗೆಡಿಸಿತು. ರೇಷ್ಮೆಹುಳುವಿನ ಮೈಮೇಲೆ ಅದು ಮೊಟ್ಟೆಯಿಡುತ್ತದೆ. ಮರಿ ಒಳಹೊಕ್ಕ ಕಡೆ ಕಪ್ಪು ಚುಕ್ಕೆ ಉಳಿಯುತ್ತದೆ. ಈ ನೊಣದ ಕೋಶದೊಳಗೆ ಮೊಟ್ಟೆಯಿಡುವ ನೆಸೊಲಿಂಕ್ಸ್ ಥೈಮಸ್ ಎಂಬ ಪುಟ್ಟ ಕಣಜವನ್ನು ಅದರ ಹತೋಟಿಗಾಗಿ ಬಳಸಲಾಯಿತು. ಒಂದೆಡೆ ಹುಳುವನ್ನು ಕೊಲ್ಲುವ ಕೀಟ ನಮ್ಮ ಶತ್ರು. ಇನ್ನೊಂದೆಡೆ ಆ ಶತ್ರುವನ್ನು ಕೊಲ್ಲುವ ಕೀಟ ನಮ್ಮ ಮಿತ್ರ. ಮಿತ್ರನನ್ನು ತಪ್ಪಾಗಿ ಗುರುತಿಸಿ ಸಾವಿರಗಟ್ಟಲೆ ಸಾಕಿ ಬಿಟ್ಟರೆ, ಬೇರೊಂದು ಕೀಟವನ್ನೇ ಹುಡುಕುವ ಆ ಕಣಜದಿಂದ ರೈತನಿಗೆ ಪ್ರಯೋಜನವಿಲ್ಲ.

ಆದ್ದರಿಂದ, ವಿದ್ಯಾರ್ಥಿಗಳೇ, ನೀವು ಸಾಕಿದ ಹುಳುವಿನಿಂದ ನೊಣ ಬಂದರೆ ಬೇಸರದಿಂದ ಎಸೆಯಬೇಡಿ. ಹುಳುವಿನ ಹೆಸರು, ಗಿಡ, ಊರು, ದಿನಾಂಕಗಳನ್ನು ಬರೆದು ಆ ಕೀಟದ ಜೊತೆಗೇ ಇಡಿ. ಆ ಚೀಟಿಯಿಲ್ಲದ ಕೀಟ ತನ್ನ ಅರ್ಧ ಕಥೆಯನ್ನು ಕಳೆದುಕೊಂಡಂತೆ.