ಡಿಸ್ಕಿನ ಕಿರ್ದಿ ಮತ್ತು ಸಾಲದ ವೇಗ



ಈ ಸಭೆಯಲ್ಲಿ ಬಹಳಷ್ಟು ಮಂದಿ ಕಂಪ್ಯೂಟರಿನವರು, ನಾನು ಲೆಕ್ಕಪತ್ರದವನು. ಆದರೂ ಲಿನಕ್ಸ್ ಕರ್ನಲ್‌ನ ಇತಿಹಾಸದಲ್ಲಿ ಒಂದು ಅಧ್ಯಾಯ ನಮ್ಮ ಕಸುಬಿಗೇ ಸೇರಿದ್ದೆಂದು ನನ್ನ ವಾದ.

2001ರ ನವೆಂಬರಿನಲ್ಲಿ ಸ್ಟೀಫನ್ ಟ್ವೀಡಿಯವರ ಇಎಕ್ಸ್‌ಟಿ3 ಫೈಲ್ ಸಿಸ್ಟಮ್ ಲಿನಕ್ಸ್ 2.4.15ರೊಳಗೆ ಬಂತು. ಅದರ ವಿಶೇಷ, ಜರ್ನಲ್. ಹಿಂದಿನವರು ರೋಜು ಕಿರ್ದಿ ಬರೆದು ಆಮೇಲೆ ಖಾತೆಗೆ ಏರಿಸುತ್ತಿದ್ದರಲ್ಲ, ಅದೇ ಕ್ರಮ. ಬದಲಾವಣೆ ಮೊದಲು ಜರ್ನಲ್‌ಗೆ, ಅದರ ಕೆಳಗೆ ‘ಮುಗಿಯಿತು’ ಎಂಬ ಷರಾ, ಅನಂತರ ಅದರ ಜಾಗಕ್ಕೆ. ನಡುವೆ ಕರೆಂಟ್ ಹೋದರೂ ಕಿರ್ದಿ ನೋಡಿ ಸರಿಪಡಿಸಬಹುದು. ಆದರೆ ಷರಾ ಮೊದಲು ಬಿದ್ದು ನಮೂದು ಬೀಳದಿದ್ದರೆ? ಅದು ಸುಳ್ಳು ಲೆಕ್ಕ.

ಡಿಸ್ಕ್ ಇದನ್ನೇ ಮಾಡಬಲ್ಲದು. ತನ್ನ ಪುಟ್ಟ ಮೆಮೊರಿಗೆ ಬಂದದ್ದನ್ನೇ ‘ಬರೆದೆ’ ಎನ್ನುತ್ತದೆ. ತಟ್ಟೆಗೆ ಬರೆಯುವುದು ತನಗೆ ಅನುಕೂಲವಾದ ಕ್ರಮದಲ್ಲಿ. ಇದನ್ನು ತಡೆಯಲು ‘ಬ್ಯಾರಿಯರ್’ ಇತ್ತು. ಇಎಕ್ಸ್‌ಟಿ3ರಲ್ಲಿ ಅದನ್ನು ಬೇಕೆಂದವರೇ ಹಾಕಿಕೊಳ್ಳಬೇಕಿತ್ತು, ಏಕೆಂದರೆ ಅದರಿಂದ ವೇಗ ಕುಸಿಯುತ್ತಿತ್ತು. 2008ರ ಡಿಸೆಂಬರಿನಲ್ಲಿ, 2.6.28ರಲ್ಲಿ, ಬಳಕೆಗೆ ಸಿದ್ಧವೆನಿಸಿದ ಇಎಕ್ಸ್‌ಟಿ4 ಅದನ್ನು ತಾನಾಗಿಯೇ ಹಾಕಿಕೊಂಡಿತು. ಹೊಸದಕ್ಕೆ ಬಂದವರ ಡೇಟಾಬೇಸ್‌ಗಳು ನಿಧಾನವಾದವು. ‘ಹಿಂದಿನದೇ ಚೆನ್ನಾಗಿತ್ತು’ ಎಂಬ ದೂರು ಸಹಜವೇ.

ಆಡಿಟ್ ಕಣ್ಣಿಗೆ ಇದು ಸಣ್ಣ ಗುಣಾಕಾರ. ನಿಮಿಷಕ್ಕೆ 7200 ಸುತ್ತುವ ಡಿಸ್ಕ್ ಸೆಕೆಂಡಿಗೆ 120 ಸುತ್ತು ಸುತ್ತುತ್ತದೆ. ಒಂದು ಷರಾ ತಟ್ಟೆಗೆ ಬಿದ್ದ ಮೇಲೆಯೇ ಮುಂದಿನದನ್ನು ಬರೆಯುವ ಪ್ರೋಗ್ರಾಮಿಗೆ ಸಿಗುವುದು ಹೆಚ್ಚುಕಡಿಮೆ ಸುತ್ತಿಗೊಂದು. ಸೆಕೆಂಡಿಗೆ ಸಾವಿರ ಮುಗಿಸಿದೆ ಎಂದರೆ ನಾನು ವೋಚರ್ ಕೇಳುತ್ತೇನೆ. (ಬ್ಯಾಟರಿ ಬೆಂಬಲದ ಮೆಮೊರಿ ಇದ್ದರೆ ಮಾತು ಬೇರೆ.) ಕೈಗೆ ಬಾರದ ಹಣವನ್ನು ನಗದು ಪುಸ್ತಕದಲ್ಲಿ ತೋರಿಸಿದಂತೆ ಇತ್ತು ಆ ಹಳೆಯ ವೇಗ.

ಹಾಗೆಂದು ಹೊಸ ನಿಧಾನವೆಲ್ಲ ನ್ಯಾಯವೂ ಅಲ್ಲ. ಬ್ಯಾರಿಯರ್ ಒಂದು ಬಂದರೆ ಕರ್ನಲ್ ಇಡೀ ಸರದಿಯನ್ನೇ ನಿಲ್ಲಿಸುತ್ತಿತ್ತು: ಹಿಂದಿನವೆಲ್ಲ ಮುಗಿಯಬೇಕು, ಮುಂದಿನವು ಸಂಬಂಧವಿಲ್ಲದಿದ್ದರೂ ಕಾಯಬೇಕು. ಒಬ್ಬರ ಡಿಡಿಗಾಗಿ ಬ್ಯಾಂಕಿನ ಎಲ್ಲ ಕೌಂಟರ್ ಮುಚ್ಚಿದಂತೆ. 2010ರಲ್ಲಿ ತೇಜುನ್ ಹಿಯೋ, ಕ್ರಿಸ್ಟಾಫ್ ಹೆಲ್ವಿಗ್ ಮೊದಲಾದವರು ಈ ಗಂಟನ್ನು ಬಿಡಿಸಿದರು. ಯಾವ ನಮೂದಿಗೆ ಯಾವುದು ಆಧಾರ ಎಂದು ಬಲ್ಲದ್ದು ಫೈಲ್ ಸಿಸ್ಟಮ್. ಅಷ್ಟಕ್ಕೆ ಅದೇ ಕಾಯಲಿ, ಕೆಳಗಿನ ಪದರ ‘ಮೆಮೊರಿ ಖಾಲಿ ಮಾಡು’ ಎಂಬ ಆಜ್ಞೆಯನ್ನಷ್ಟೇ ಡಿಸ್ಕಿಗೆ ಮುಟ್ಟಿಸಲಿ. 2011ರ ಜನವರಿಯ 2.6.37ರಲ್ಲಿ ಇದು ಜಾರಿಗೆ ಬಂತು. ತಟ್ಟೆಗೆ ಬರೆಯುವ ಖರ್ಚು ಉಳಿಯಿತು. ದಂಡದ ಕಾಯುವಿಕೆ ಹೋಯಿತು. ಮುಂದೆ ಇಎಕ್ಸ್‌ಟಿ3 ಕೂಡ ಬ್ಯಾರಿಯರನ್ನು ತಾನಾಗಿಯೇ ಹಾಕಿಕೊಂಡಿತು.

ಪ್ರತಿ ತಿಂಗಳು ಊರಿಗೆ ಹಣ ಕಳಿಸುವ ನಮಗೆ ‘ಜಮಾ ಆಗಿದೆ’ ಎಂಬ ಸಂದೇಶದ ಹಿಂದೆ ಇಂಥದೊಂದು ಷರಾ ಇರುತ್ತದೆ. ಇಎಕ್ಸ್‌ಟಿ4ರಲ್ಲಿ ಈ ಕಾವಲನ್ನು ತೆಗೆಯುವ ಆಯ್ಕೆಯನ್ನು ಇನ್ನೂ ಉಳಿಸಿದ್ದಾರೆ. ಎಕ್ಸ್‌ಎಫ್‌ಎಸ್‌ನವರು ಆ ಆಯ್ಕೆಯನ್ನೇ ಕಿತ್ತುಹಾಕಿದರು. ನಾನು ಎಕ್ಸ್‌ಎಫ್‌ಎಸ್‌ನವರ ಪಕ್ಷ.