ಬರದ ಸೀಮೆಯ ಧನ್ಯರು

ಬಡವರು, ಅಳುವವರು, ಶಾಂತರು, ನೀತಿಗಾಗಿ ಹಸಿದವರು, ಕರುಣೆಯುಳ್ಳವರು, ನಿರ್ಮಲ ಮನಸ್ಸಿನವರು, ಜಗಳ ಬಿಡಿಸಿ ಸಮಾಧಾನ ತರುವವರು, ನೀತಿಯ ಸಲುವಾಗಿ ಪೆಟ್ಟು ತಿಂದವರು. ಯೇಸು ಬೆಟ್ಟದ ಮೇಲೆ ಕುಳಿತು ಧನ್ಯರೆಂದು ಕರೆದದ್ದು ಈ ಎಂಟು ಬಗೆಯ ಜನರನ್ನು. ಮತ್ತಾಯನ ಸುವಾರ್ತೆಯ ಐದನೇ ಅಧ್ಯಾಯದಲ್ಲಿರುವ ಈ ಮಾತುಗಳನ್ನು ಕ್ಯಾಥೊಲಿಕ್ ದೇವಾಲಯಗಳಲ್ಲಿ ಪ್ರತಿವರ್ಷ ನವೆಂಬರ್ 1ರ ಸಕಲ ಸಂತರ ಹಬ್ಬದಂದು ಓದುತ್ತಾರೆ. ಪ್ರಾಟೆಸ್ಟೆಂಟ್ ಸಭೆಗಳ ಮಕ್ಕಳು ಭಾನುವಾರದ ಶಾಲೆಯಲ್ಲೇ ಬಾಯಿಪಾಠ ಮಾಡುತ್ತಾರೆ. ಬಾಯಿಪಾಠವಾದದ್ದು ಬದುಕಿಗೆ ಇಳಿದದ್ದು ಹೇಗೆ, ಯಾವ ಕಾಲದಲ್ಲಿ ಯಾವ ಮಾತು ಮುಂದೆ ಬಂತು, ಯಾವುದು ಹಿಂದೆ ಉಳಿಯಿತು? ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ, ಹರಪನಹಳ್ಳಿ ಎಂಬ ಐದು ತಾಲ್ಲೂಕುಗಳನ್ನು ಎದುರಿಗಿಟ್ಟುಕೊಂಡು ಇದನ್ನು ಕೇಳಬೇಕೆನಿಸಿದೆ. ಹಳೆಯ ಬಳ್ಳಾರಿ ಜಿಲ್ಲೆಯ ಪಶ್ಚಿಮ ಭಾಗವಾಗಿದ್ದ ಈ ಸೀಮೆ 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ಹಳೆಯ ಬಳ್ಳಾರಿ ಜಿಲ್ಲೆಯಲ್ಲಿ ಕ್ರೈಸ್ತರು ನೂರಕ್ಕೆ ಒಬ್ಬರೂ ಇರಲಿಲ್ಲ. ಇಲ್ಲಿನ ಸಭೆ ಕರುಣೆಯನ್ನು ಬೇಗ ಕಲಿಯಿತು, ನೀತಿಯ ಹಸಿವನ್ನು ತೀರ ತಡವಾಗಿ ಕಲಿಯಿತು ಎಂಬುದು ನನ್ನ ಅನಿಸಿಕೆ.

ಕ್ರೈಸ್ತ ಲೋಕದ ದೊಡ್ಡ ಚರ್ಚೆಯೂ ಹೀಗೆಯೇ ತೂಗಾಡಿದೆ. ಮತ್ತಾಯ ಹೇಳುವುದು ಆತ್ಮದ ಬಡತನವನ್ನು. ಲೂಕ ಬರೀ ಬಡವರನ್ನು, ಈಗ ಹಸಿದವರನ್ನು ಧನ್ಯರೆನ್ನುತ್ತಾನೆ, ಹೊಟ್ಟೆ ತುಂಬಿದವರಿಗೆ ಅಯ್ಯೋ ಎನ್ನುತ್ತಾನೆ. ನಾಲ್ಕನೇ ಶತಮಾನದಲ್ಲಿ ನಿಸ್ಸಾದ ಗ್ರೆಗೊರಿ ಈ ಎಂಟನ್ನು ದೇವರ ಕಡೆಗೆ ಏರುವ ಮೆಟ್ಟಿಲುಗಳೆಂದು ವಿವರಿಸಿದ. ಸ್ವಲ್ಪ ಕಾಲಾನಂತರ ಆಗಸ್ಟೀನ್ ಇಡೀ ಪರ್ವತ ಪ್ರಸಂಗಕ್ಕೆ ವ್ಯಾಖ್ಯಾನ ಬರೆದ. ಮಧ್ಯಯುಗದಲ್ಲಿ ಪ್ರಸಂಗದ ಕಠಿಣ ಬೋಧನೆಗಳು ಸನ್ಯಾಸಿಗಳಿಗೆ ಸೇರಿದವು, ಸಂಸಾರಸ್ಥರಿಗೆ ಹತ್ತಾಜ್ಞೆ ಸಾಕು ಎಂಬ ಭಾವನೆ ಬೇರೂರಿತು. ಲೂಥರ್ ಅದನ್ನು ಒಡೆದು, ಅಡುಗೆಮನೆಯಲ್ಲಿರುವವಳಿಗೂ ನ್ಯಾಯಪೀಠದಲ್ಲಿರುವವನಿಗೂ ಈ ಮಾತು ಅನ್ವಯಿಸುತ್ತದೆ ಎಂದ. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಟಾಲ್‌ಸ್ಟಾಯ್ ಯೇಸು ಹೇಳಿದ್ದನ್ನು ಹೇಳಿದಂತೆಯೇ ಮಾಡಬೇಕೆಂದು ಹಟ ಹಿಡಿದರು. ಭಾರತದಲ್ಲಿ ಬಾಳಿದ ಅಮೆರಿಕದ ಮಿಷನರಿ ಸ್ಟ್ಯಾನ್ಲಿ ಜೋನ್ಸ್ 1931ರಲ್ಲಿ, ಜರ್ಮನಿಯ ಬಾನ್‌ಹಾಫರ್ 1937ರಲ್ಲಿ ಇದೇ ಪ್ರಸಂಗದ ಮೇಲೆ ಪುಸ್ತಕ ಬರೆದರು. ಪೋಪ್ ಫ್ರಾನ್ಸಿಸ್ 2018ರ ತಮ್ಮ ಪ್ರಬೋಧನ ಪತ್ರದಲ್ಲಿ ಪವಿತ್ರ ಬದುಕು ಎಂದರೇನು ಎಂಬುದಕ್ಕೆ ಈ ಎಂಟನ್ನೇ ಉತ್ತರವಾಗಿಟ್ಟರು.

ನಮ್ಮ ಸೀಮೆಗೆ ಈ ಮಾತು ಬಂದದ್ದು ಬಳ್ಳಾರಿಯ ದಾರಿಯಲ್ಲಿ. 1800ರಲ್ಲಿ ನಿಜಾಮ ಬಿಟ್ಟುಕೊಟ್ಟ ಜಿಲ್ಲೆಗಳು ಇಂಗ್ಲಿಷರ ಕೈಸೇರಿ ಥಾಮಸ್ ಮನ್ರೋ ಕಂದಾಯ ನಿಗದಿ ಮಾಡಿಹೋದ ಮೇಲೆ, 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದರು. ಕನ್ನಡ ಕಲಿತು ಶಾಲೆಗಳನ್ನು ತೆರೆದರು, ಸುವಾರ್ತೆಗಳನ್ನು ಕನ್ನಡಕ್ಕೆ ತಂದರು. ಜೊತೆಗಾರ ವಿಲಿಯಂ ರೀವ್ ಕೈಗೂಡಿಸಿದರು. 1831ರ ಹೊತ್ತಿಗೆ ಇಡೀ ಬೈಬಲ್ ಕನ್ನಡದಲ್ಲಿ ಸಿದ್ಧವಾಯಿತು. ರೀವ್ ಅವರ ಕನ್ನಡ ನಿಘಂಟು ಅದರ ಬೆನ್ನಿಗೇ ಬಂತು. ಮಂಗಳೂರಿನಲ್ಲಿ 1843ರಲ್ಲಿ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ ಆರಂಭಿಸಿದ ಪತ್ರಿಕೆ ಮರುವರ್ಷ ಅಚ್ಚಿಗಾಗಿ ಬಳ್ಳಾರಿಗೇ ಬಂದದ್ದನ್ನು ನೆನೆದರೆ ಈ ಊರಿನ ಮುದ್ರಣಾಲಯದ ಕಸುವು ತಿಳಿಯುತ್ತದೆ. ಅದೇ ಮಿಷನ್ನಿನ ಕಿಟ್ಟೆಲ್ 1862ರಲ್ಲಿ ‘ಕಥಾಮಾಲೆ’ಯನ್ನು ಹೊರತಂದು ಯೇಸುವಿನ ಕಥೆಯನ್ನು ಕನ್ನಡದ ಛಂದಸ್ಸಿನಲ್ಲೇ ಹೇಳಿದರು. ಗಮಕ ಕೇಳಿ ಬೆಳೆದ ಜನಕ್ಕೆ ಗದ್ಯಕ್ಕಿಂತ ಅದು ಹತ್ತಿರ.

ಆದರೆ ಆ ಮೊದಲ ಅರುವತ್ತು ವರ್ಷ ಧನ್ಯವಚನಗಳು ಹೆಚ್ಚಾಗಿ ಕಾಗದದ ಮೇಲೆಯೇ ಇದ್ದವು. ಸಂತೆಯಲ್ಲಿ, ಜಾತ್ರೆಯಲ್ಲಿ ನಿಂತು ಬೋಧಿಸುವವರಿದ್ದರು, ಕೇಳುವವರೂ ಇದ್ದರು. ಮೈಲಾರಲಿಂಗನ ಕಾರಣಿಕ ಕೇಳಿ ಮಳೆಬೆಳೆಯ ಲೆಕ್ಕ ಹಾಕುವ ಜನ, ಕೊಟ್ಟೂರೇಶ್ವರನ ತೇರೆಳೆಯುವ ಜನ, ದಾಸೋಹವನ್ನು ಕಂಡು ಬೆಳೆದ ಜನ ಬಡವರು ಧನ್ಯರೆಂಬ ಮಾತಿಗೆ ಬೆರಗಾಗಿರಲಾರರು. ಕಾಯಕ, ದಾಸೋಹ, ದಯೆ ಎಂಬ ಶರಣರ ನೆಲೆ ಇಲ್ಲಿ ಮೊದಲೇ ಗಟ್ಟಿಯಾಗಿತ್ತು. ಮಿಷನರಿಗಳು ಇದನ್ನು ಸಾಕಷ್ಟು ಗಮನಿಸಲಿಲ್ಲ ಎಂಬುದು ನನ್ನ ಕೊರಗು.

ಕಾಗದದಿಂದ ಮಾತನ್ನು ಕೆಳಗಿಳಿಸಿದ್ದು ಬರ. 1876ರಿಂದ 78ರವರೆಗೆ ನಡೆದ, ನಮ್ಮ ಹಿರಿಯರು ಸಂವತ್ಸರದ ಹೆಸರಿಟ್ಟು ಧಾತು-ಈಶ್ವರ ಬರ ಎಂದ ಆ ಕ್ಷಾಮದಲ್ಲಿ ಮದ್ರಾಸ್ ಪ್ರಾಂತದ ಜಿಲ್ಲೆಗಳ ಪೈಕಿ ತೀರ ನುಜ್ಜಾದವುಗಳಲ್ಲಿ ಬಳ್ಳಾರಿ ಒಂದು. 1871ರ ಜನಗಣತಿಗೂ 1881ರ ಜನಗಣತಿಗೂ ನಡುವೆ ಜಿಲ್ಲೆಯ ಜನಸಂಖ್ಯೆ ಐದರಲ್ಲಿ ಒಂದು ಪಾಲಿನಷ್ಟು ಕುಸಿಯಿತು. ದಕ್ಷಿಣದ ಉದ್ದಗಲಕ್ಕೂ ಮಿಷನ್‌ಗಳು ಗಂಜಿ ಕಾಯಿಸಿದವು, ಅಪ್ಪ-ಅಮ್ಮ ಸತ್ತ ಮಕ್ಕಳನ್ನು ಎತ್ತಿಕೊಂಡವು. ಅಳುವವರ ಜೊತೆ ಅಳುವುದು, ಹಸಿದವರಿಗೆ ಉಣಿಸುವುದು ಕ್ರೈಸ್ತನ ನಿತ್ಯದ ಕೆಲಸವೆಂದು ಜನ ಕಣ್ಣಾರೆ ಕಂಡದ್ದು ಆಗ. ತೆಲುಗು ಸೀಮೆಯ ಓಂಗೋಲಿನಲ್ಲಿ ಬರದ ಕೊನೆಗೆ, 1878ರ ಜುಲೈನಲ್ಲಿ, ಒಂದೇ ದಿನ 2,222 ಮಂದಿ ದೀಕ್ಷಾಸ್ನಾನ ಪಡೆದರು. ಕನ್ನಡ ಬಳ್ಳಾರಿಯಲ್ಲಿ ಅಂಥದ್ದು ನಡೆಯಲಿಲ್ಲ, ಸಭೆ ಸಣ್ಣದಾಗಿಯೇ ಉಳಿಯಿತು. ಆ ಸಣ್ಣತನವೇ ಇಲ್ಲಿನ ಕ್ರೈಸ್ತರ ಗುಣವನ್ನು ರೂಪಿಸಿತು. ಊರಿನಲ್ಲಿ ಒಂದೋ ಎರಡೋ ಮನೆಯಾಗಿರುವವರಿಗೆ ಅಧಿಕಾರದ ಆಸೆ ಇರುವುದಿಲ್ಲ, ನೆರೆಯವರ ಒಳ್ಳೆಯ ಮಾತೇ ಅವರಿಗೆ ಆಸರೆ.

ಇದೇ ಬರದಲ್ಲಿ ಇನ್ನೊಂದು ಪ್ರಶ್ನೆಯೂ ಎದ್ದಿತ್ತು. ಪರಿಹಾರ ಕಾಮಗಾರಿಯ ಕೂಲಿಯನ್ನು ಬ್ರಿಟಿಷ್ ಅಧಿಕಾರಿ ರಿಚರ್ಡ್ ಟೆಂಪಲ್ 1877ರಲ್ಲಿ ದಿನಕ್ಕೆ ಒಂದು ಪೌಂಡು ಧಾನ್ಯ ಮತ್ತು ಚಿಲ್ಲರೆ ಕಾಸಿಗೆ ಇಳಿಸಿದರು. ಕಲ್ಲು ಒಡೆಯುವ ಮೈಗೆ ಅದು ಸಾಲದೆಂದು ಮದ್ರಾಸಿನ ವೈದ್ಯಾಧಿಕಾರಿಗಳೂ ಪತ್ರಕರ್ತ ವಿಲಿಯಂ ಡಿಗ್ಬಿಯೂ ಕೂಗಿದರು. ಗಂಜಿ ಕೊಡುವುದು ಕರುಣೆ. ಕೂಲಿ ಏಕೆ ಇಳಿಯಿತು, ಧಾನ್ಯದ ಬೆಲೆ ಯಾರಿಗಾಗಿ ಏರಿತು ಎಂದು ಕೇಳುವುದು ನೀತಿಯ ಹಸಿವು. ನಮ್ಮ ಸಭೆಗಳಿಗೆ ಬಂದ ಬಳುವಳಿಯಲ್ಲಿ ಮೊದಲನೆಯದು ಹೆಚ್ಚಿತ್ತು, ಎರಡನೆಯದು ತೀರ ಕಡಿಮೆ ಇತ್ತು.

ಇಲ್ಲಿ ಒಬ್ಬರ ಬಳಿ ತುಸು ಹೊತ್ತು ನಿಲ್ಲಬೇಕು. ಹೂವಿನಹಡಗಲಿ ತಾಲ್ಲೂಕಿನ ಉತ್ತಂಗಿ ಎಂಬ ಊರಿನ ಹೆಸರನ್ನು ಮನೆತನದ ಹೆಸರಾಗಿ ಹೊತ್ತ ಚನ್ನಪ್ಪ ಉತ್ತಂಗಿಯವರು 1881ರಲ್ಲಿ ಧಾರವಾಡದಲ್ಲಿ ಹುಟ್ಟಿದರು, ಬಾಸೆಲ್ ಮಿಷನ್ ಶಾಲೆಗಳಲ್ಲಿ ಓದಿ ಅದೇ ಮಿಷನ್ನಿನ ಪಾಲಕರಾದರು. ಹಳ್ಳಿಹಳ್ಳಿ ತಿರುಗಿ, ಜನರ ಬಾಯಿಂದಲೂ ಓಲೆಗರಿಗಳಿಂದಲೂ ಸರ್ವಜ್ಞನ ತ್ರಿಪದಿಗಳನ್ನು ಕೂಡಿಹಾಕಿ 1924ರಲ್ಲಿ ಪ್ರಕಟಿಸಿದರು. ಮುಂದೆ ಅನುಭವ ಮಂಟಪದ ಐತಿಹಾಸಿಕತೆಯ ಮೇಲೆ, ಮೋಳಿಗೆ ಮಾರಯ್ಯನಂಥ ಶರಣರ ಮೇಲೆ ಬರೆದರು. ‘ಬನಾರಸಕ್ಕೆ ಬೆತ್ಲೆಹೇಮಿನ ವಿನಂತಿ’ ಎಂಬ ಹೊತ್ತಗೆಯ ಹೆಸರಿನಲ್ಲೇ ಅವರ ನಿಲುವಿದೆ. ಆ ಹೆಸರು ಆಜ್ಞೆ ಮಾಡುವುದಿಲ್ಲ, ವಾದಕ್ಕೂ ಕರೆಯುವುದಿಲ್ಲ, ವಿನಂತಿಸಿಕೊಳ್ಳುತ್ತದೆ. 1949ರಲ್ಲಿ ಕಲಬುರಗಿಯ ಕನ್ನಡ ಸಾಹಿತ್ಯ ಸಮ್ಮೇಳನದ ಅಧ್ಯಕ್ಷ ಪೀಠ ಅವರಿಗೆ ಸಂದಿತು. 1962ರಲ್ಲಿ ತೀರಿಕೊಂಡ ಅವರನ್ನು ನಾಡು ‘ತಿರುಳ್ಗನ್ನಡದ ತಿರುಕ’ ಎಂದೇ ನೆನೆಯುತ್ತದೆ.

ಉತ್ತಂಗಿಯವರನ್ನು ಸಂಶೋಧಕರೆಂದು ಹೊಗಳಿ ಮುಂದೆ ಹೋಗುವುದು ವಾಡಿಕೆ. ನನಗೆ ಅವರು ಧನ್ಯವಚನಗಳ ಮೊದಲ ದೊಡ್ಡ ಕನ್ನಡ ಭಾಷ್ಯಕಾರರಾಗಿ ಕಾಣುತ್ತಾರೆ, ಆ ಭಾಷ್ಯವನ್ನು ಅವರು ಬದುಕಿನಲ್ಲಿ ಬರೆದರು. ಸುವಾರ್ತೆ ಸಾರಲು ಹೊರಟವರು ಭಿಕ್ಷಾಪಾತ್ರೆ ಹಿಡಿದು, ನಿಮ್ಮಲ್ಲಿ ಏನಿದೆ ನನಗೂ ಕೊಡಿ ಎಂದು ಊರ ಬಾಗಿಲಲ್ಲಿ ನಿಂತರು. ಆತ್ಮದ ಬಡತನವೆಂದರೆ ಇದು: ಎಲ್ಲ ನನ್ನ ಬಳಿ ಇದೆ ಎಂಬ ಗರ್ವ ಬಿಟ್ಟು ಕಲಿಯಲು ಕುಳಿತುಕೊಳ್ಳುವುದು. ಇದರಿಂದ ಅವರ ಕ್ರಿಸ್ತಭಕ್ತಿ ತೆಳುವಾಗಲಿಲ್ಲ, ಲಿಂಗಾಯತ ನೆರೆಯವರ ಪ್ರೀತಿಯೂ ಕುಂದಲಿಲ್ಲ. ಊರಿಗೊಂದೆರಡು ಮನೆಯ ಕ್ರೈಸ್ತರಿಗೆ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ತಿಳಿಯದು. ಹಡಗಲಿ ಭಾಗದ ಸಭೆಗಳಲ್ಲಿ ಅವರ ಹೆಸರು ಇನ್ನೂ ಗಟ್ಟಿಯಾಗಿ ಕೇಳಬೇಕು.

ಸಮಾಧಾನ ತರುವವರ ಮಾತು ಈ ಸೀಮೆಗೆ ಮತ್ತೊಂದು ದಿಕ್ಕಿನಿಂದ ಬಂತು. ಲಂಡನ್ನಿನಲ್ಲಿ ಓದುವಾಗ ಗಾಂಧೀಜಿ ಪರ್ವತ ಪ್ರಸಂಗವನ್ನು ಓದಿ, ಅದು ನೇರ ಎದೆಗೆ ನಾಟಿತೆಂದು ಆತ್ಮಕಥೆಯಲ್ಲಿ ಹೇಳಿಕೊಂಡಿದ್ದಾರೆ. ಅವರ ಚಿತಾಭಸ್ಮವಿರುವ ಹುತಾತ್ಮರ ಸ್ಮಾರಕ ಕೂಡ್ಲಿಗಿಯಲ್ಲಿದೆ. ಕ್ರೈಸ್ತರಲ್ಲದ ಒಬ್ಬರು ಆ ಪ್ರಸಂಗವನ್ನು ಸತ್ಯಾಗ್ರಹವಾಗಿಸಿ ದೇಶವನ್ನೇ ನಡೆಸಿದ್ದು ನಮ್ಮ ಸಭೆಗಳಿಗೆ ದೊಡ್ಡ ಪಾಠವಾಗಬೇಕಿತ್ತು. ಯೇಸುವಿನ ಮಾತನ್ನು ಮನೆಯ ಒಳಗೆ, ಪ್ರಾರ್ಥನೆಯ ಕೋಣೆಯ ಒಳಗೆ ಇಟ್ಟುಕೊಂಡವರಿಗೆ ಅದು ಬೀದಿಯಲ್ಲೂ ನಡೆಯಬಲ್ಲದೆಂದು ಗಾಂಧೀಜಿ ತೋರಿಸಿದರು.

ಸ್ವಾತಂತ್ರ್ಯದ ಹೊತ್ತಿಗೆ ಸಭೆಗಳ ಆಡಳಿತವೂ ಬದಲಾಯಿತು. ಲಂಡನ್ ಮಿಷನ್ನಿನ ಸಭೆಗಳು 1908ರ ದಕ್ಷಿಣ ಭಾರತ ಐಕ್ಯ ಸಭೆಯ ಮೂಲಕ 1947ರ ಸೆಪ್ಟೆಂಬರಿನಲ್ಲಿ ಹುಟ್ಟಿದ ದಕ್ಷಿಣ ಭಾರತ ಸಭೆಗೆ ಬಂದವು. ಬಳ್ಳಾರಿ ಕ್ಯಾಥೊಲಿಕ್ ಧರ್ಮಪ್ರಾಂತ 1949ರಲ್ಲಿ ಸ್ಥಾಪನೆಯಾಯಿತು. ಶಾಲೆ, ಹಾಸ್ಟೆಲ್, ದವಾಖಾನೆ, ಮಹಿಳಾ ಸಂಘಗಳ ಕೆಲಸ ಊರಿನವರ ಕೈಗೆ ಬಂತು.

ಶಾಂತರು ಭೂಮಿಗೆ ಬಾಧ್ಯರಾಗುವರೆಂಬ ಮಾತನ್ನು ಈ ತಾಲ್ಲೂಕುಗಳಲ್ಲಿ ಬೋಧಿಸುವುದು ಸುಲಭವಲ್ಲ. 1953ರಲ್ಲಿ ತುಂಗಭದ್ರಾ ಅಣೆಕಟ್ಟು ಮುಗಿದಾಗ ಹಿನ್ನೀರಿನಲ್ಲಿ ಸುಮಾರು 90 ಹಳ್ಳಿಗಳು ಮುಳುಗಿದವು. ನಾರಾಯಣದೇವರಕೆರೆಯ ಜನ ಎದ್ದುಬಂದು ಮರಿಯಮ್ಮನಹಳ್ಳಿಯಲ್ಲಿ ನೆಲೆಸಿದರು. ನೀರು ಕಾಲುವೆಯಲ್ಲಿ ದೂರದ ಹೊಲಗಳಿಗೆ ಹರಿಯಿತು, ಕೂಡ್ಲಿಗಿ, ಕೊಟ್ಟೂರು, ಹರಪನಹಳ್ಳಿಯ ಎರೆ-ಮಸಾರಿ ಹೊಲಗಳು ಮುಗಿಲು ನೋಡುತ್ತಲೇ ಉಳಿದವು. ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಕಾಫಿ ತೋಟಗಳಿಗೆ, ಕಬ್ಬಿನ ಗದ್ದೆಗಳಿಗೆ ಗುಳೆ ಹೋಗುವ ಜನರ ಮುಂದೆ ಪಾಲಕರು ಆ ವಾಕ್ಯ ಓದಬೇಕು. ಯೇಸು ಅದನ್ನು ಮೂವತ್ತೇಳನೇ ಕೀರ್ತನೆಯಿಂದ ಎತ್ತಿಕೊಂಡವನು. ಆ ಕೀರ್ತನೆ ಅನ್ಯಾಯಗಾರರ ಕೈಯಲ್ಲಿರುವ ನೆಲದ ಬಗ್ಗೆಯೇ ಇದೆ. ಆದ್ದರಿಂದ ಸತ್ತ ಮೇಲಿನ ಭೂಮಿ ಎಂದು ಹೇಳಿ ಜಾರಿಕೊಳ್ಳುವಂತಿಲ್ಲ. ಗುಳೆ ಹೋದವರ ಮಕ್ಕಳನ್ನು ಊರಲ್ಲೇ ಉಳಿಸಿಕೊಂಡು ಶಾಲೆ ಬಿಡದಂತೆ ನೋಡಿಕೊಳ್ಳುವುದು, ಮುಂಗಡ ಕೊಟ್ಟ ಮೇಸ್ತ್ರಿಯ ಲೆಕ್ಕ ಸರಿಯಿದೆಯೇ ಎಂದು ಓದು ಬಲ್ಲವರು ಕುಳಿತು ನೋಡಿಕೊಡುವುದು ಇಲ್ಲಿ ಈ ವಚನದ ನಿತ್ಯದ ಅರ್ಥ.

ನೀತಿಯ ಹಸಿವು ಸಭೆಗಳಲ್ಲಿ ಕಡೆಗೂ ಹುಟ್ಟಿದ್ದು ದೇವದಾಸಿ ಪದ್ಧತಿಯ ಎದುರು ನಿಂತಾಗ ಎಂದುಕೊಂಡಿದ್ದೇನೆ. ಹರಪನಹಳ್ಳಿ ತಾಲ್ಲೂಕಿನ ಉಚ್ಚಂಗಿದುರ್ಗದ ಹುಣ್ಣಿಮೆಗಳಲ್ಲಿ ಮುತ್ತು ಕಟ್ಟಿಸಿಕೊಂಡ ಹುಡುಗಿಯರ ಕಥೆ ಈ ಸೀಮೆಯ ಯಾವ ಕೇರಿಗೂ ಹೊಸದಲ್ಲ. ದೇವದಾಸಿ ಸಮರ್ಪಣೆ ನಿಷೇಧ ಕಾಯ್ದೆ ಬಂದದ್ದು 1982ರಲ್ಲಿ. ಬಳಿಕ ಸರ್ಕಾರ ನಡೆಸಿದ ಎರಡು ಸಮೀಕ್ಷೆಗಳು ರಾಜ್ಯದಲ್ಲಿ 46,660 ದೇವದಾಸಿಯರನ್ನು ಗುರುತಿಸಿದವು, ಅವರಲ್ಲಿ ಬಹುಪಾಲು ದಲಿತ ಹೆಂಗಸರು, ಬಳ್ಳಾರಿ ಜಿಲ್ಲೆಯ ಪಾಲು ದೊಡ್ಡದು. ಇಲ್ಲಿ ಬರೀ ಕನಿಕರ ಸಾಲದು. ಅಪ್ಪನ ಹೆಸರು ಬರೆಸಲಾಗದ ಮಗು ಶಾಲೆಗೆ ಸೇರುವಾಗ ಜೊತೆಗೆ ಹೋಗಬೇಕು, ಪಿಂಚಣಿ ಅರ್ಜಿ ಬರೆಯಬೇಕು, ಮುತ್ತು ಕಟ್ಟುವ ಸುದ್ದಿ ತಿಳಿದರೆ ದೂರು ಕೊಡಬೇಕು, ಆಮೇಲೆ ಅದೇ ಊರಲ್ಲಿ ಬಾಳಬೇಕು. ಈ ಹೋರಾಟವನ್ನು ಮುನ್ನಡೆಸಿದವರು ಮಾಜಿ ದೇವದಾಸಿಯರೇ, ಅವರ ಮಕ್ಕಳೇ. ಕ್ರೈಸ್ತರು ಅವರ ಬೆನ್ನಿಗೆ ನಿಂತ ಕಡೆ ಸಭೆಯೂ ಕಲಿತಿದೆ. ದಾನ ಕೊಡುವವರಾಗಿ ಹೋದವರು ಜೊತೆ ನಡೆಯುವವರಾಗಿ ಬಂದರು.

ಸಭೆಯ ಒಳಗಿನ ಮಾತೂ ಆಡಬೇಕು. ಈ ಭಾಗದ ಕ್ರೈಸ್ತರಲ್ಲಿ ಬಹಳ ಮಂದಿ ದಲಿತ ಕೇರಿಗಳಿಂದ ಬಂದವರು. 1950ರ ಪರಿಶಿಷ್ಟ ಜಾತಿಗಳ ಆದೇಶ ಮೊದಲು ಹಿಂದೂಗಳಿಗಷ್ಟೇ ಆ ಸ್ಥಾನ ಕೊಟ್ಟಿತು, 1956ರಲ್ಲಿ ಸಿಖ್ಖರು, 1990ರಲ್ಲಿ ಬೌದ್ಧರು ಸೇರಿದರು, ಕ್ರೈಸ್ತರು ಹೊರಗೇ ಉಳಿದರು. ಕ್ರೈಸ್ತರಾದರೂ ಊರು ಅವರನ್ನು ಹಳೆಯ ಜಾತಿಯಿಂದಲೇ ಅಳೆಯುತ್ತದೆ, ಕಾಗದ ಮಾತ್ರ ಒಪ್ಪುವುದಿಲ್ಲ. ಮಗನ ಓದಿಗಾಗಿ ಒಂದು ಗುರುತು, ಭಾನುವಾರಕ್ಕೆ ಇನ್ನೊಂದು ಗುರುತು ಇಟ್ಟುಕೊಂಡು ಬಾಳುವ ಮನೆಗಳ ಸಂಕಟವನ್ನು ಪೀಠದಿಂದ ಖಂಡಿಸುವುದು ಸುಲಭ. ನಿರ್ಮಲ ಮನಸ್ಸಿನ ಮಾತನ್ನು ಅವರ ಮೇಲೆ ಎಸೆಯುವ ಮೊದಲು, ನೀತಿಗಾಗಿ ಹಸಿದವರ ಮಾತನ್ನು ಅವರ ಪರವಾಗಿ ಆಡಬೇಕು. ಈ ಪ್ರಶ್ನೆ ಪರಿಶೀಲಿಸಲು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ನ್ಯಾಯಮೂರ್ತಿ ಕೆ.ಜಿ. ಬಾಲಕೃಷ್ಣನ್ ಆಯೋಗವನ್ನು ನೇಮಿಸಿತು. ಮದುವೆ ಸಂಬಂಧದಲ್ಲಿ ಜಾತಿ ಕೇಳುವ ಕ್ರೈಸ್ತ ಮನೆಗಳು ಇನ್ನೂ ಇರುವಾಗ, ಹೊರಗಿನ ನ್ಯಾಯ ಕೇಳುವ ನಮ್ಮ ದನಿ ಅರ್ಧ ಕುಗ್ಗುತ್ತದೆ ಎಂಬುದೂ ನಿಜ.

ಕೊನೆಯ ಧನ್ಯವಚನ ಹಿಂಸೆಯದು. 2008ರ ಸೆಪ್ಟೆಂಬರಿನಲ್ಲಿ ಕರಾವಳಿಯೂ ಸೇರಿ ರಾಜ್ಯದ ಹಲವೆಡೆ ಪ್ರಾರ್ಥನಾ ಮಂದಿರಗಳ ಮೇಲೆ ದಾಳಿಯಾದಾಗ, 2022ರಲ್ಲಿ ಮತಾಂತರ ತಡೆ ಕಾಯ್ದೆ ಬಂದಾಗ, ಸಣ್ಣ ಊರಿನ ಸಭೆಗಳಲ್ಲೂ ಭಯವಿತ್ತು. ಭಯದ ದಿನಗಳಲ್ಲಿ ಎರಡು ದಾರಿ ಎದುರಾಗುತ್ತವೆ: ಬಾಗಿಲು ಹಾಕಿಕೊಳ್ಳುವುದು, ಇಲ್ಲವೇ ನೆರೆಯವರ ಜೊತೆಗಿನ ನಂಟನ್ನು ಇನ್ನಷ್ಟು ಬಿಗಿ ಮಾಡಿಕೊಳ್ಳುವುದು. ಸಾವಿನ ಮನೆಗೆ ಮೊದಲು ಹೋಗುವುದು, ಜಾತ್ರೆಗೆ ಬಂದ ದೂರದವರಿಗೆ ನೀರು ಕೊಡುವುದು, ಹೊಲದ ಬದುವಿನ ಜಗಳದಲ್ಲಿ ಎರಡೂ ಕಡೆಯವರು ನಂಬಿ ಕರೆಯುವ ಮನುಷ್ಯನಾಗುವುದು. ಈ ತಾಲ್ಲೂಕುಗಳಲ್ಲಿ ಕ್ರೈಸ್ತರನ್ನು ಕಾಯ್ದದ್ದು ಹೆಚ್ಚಾಗಿ ಇಂಥ ನಂಟೇ.

ಈ ಚರಿತ್ರೆಯಲ್ಲಿ ಇನ್ನೂ ಬರೆಯದೇ ಉಳಿದ ದೊಡ್ಡ ಭಾಗ ಹೆಂಗಸರದು. ಮಿಷನ್ನಿನ ದಿನಗಳಲ್ಲಿ ಮನೆಮನೆಗೆ ಹೋಗಿ ಓದಿ ಹೇಳುತ್ತಿದ್ದ ಬೈಬಲ್ ಹೆಂಗಸರು, ಬರದಲ್ಲಿ ಅನಾಥ ಮಕ್ಕಳನ್ನು ಸಾಕಿದವರು, ಇಂದು ಸ್ವಸಹಾಯ ಸಂಘದ ಪುಸ್ತಕ ಬರೆಯುವವರು, ಅಂಗನವಾಡಿ ನಡೆಸುವವರು, ದವಾಖಾನೆಯ ರಾತ್ರಿ ಪಾಳಿಯಲ್ಲಿ ನಿಲ್ಲುವವರು. ಮಿಷನ್ ವರದಿಗಳಲ್ಲಿ ಮಿಷನರಿಗಳ ಹೆಸರು ಸಾಲುಸಾಲಾಗಿ ಸಿಗುತ್ತವೆ, ಇವರದು ಸಿಗುವುದು ಅಪರೂಪ. ದೀಕ್ಷಾಸ್ನಾನ, ಮದುವೆ, ಸಾವುಗಳನ್ನು ಬರೆದಿಟ್ಟ ಹಳೆಯ ಸಭಾ ದಫ್ತರುಗಳನ್ನು ಹುಳು ಹಿಡಿಯುವ ಮೊದಲು ತೆರೆದು ಓದಬೇಕು, ಬದುಕಿರುವ ಅಜ್ಜಿಯರನ್ನು ಕೂರಿಸಿಕೊಂಡು ಕೇಳಿ ಬರೆದುಕೊಳ್ಳಬೇಕು. ಉತ್ತಂಗಿಯವರು ಸರ್ವಜ್ಞನಿಗಾಗಿ ಮಾಡಿದ ತಿರುಗಾಟವನ್ನು ಈ ಹೆಂಗಸರಿಗಾಗಿ ಮಾಡುವವರು ಬೇಕು, ಹಡಗಲಿಯಿಂದಲೇ ಅದು ಶುರುವಾಗಬಹುದು.